ಬಂದೂಕಿಗಿಂತ ಮೊದಲು ಕೊಂಡದ್ದು

ಜನವರಿ 3, ಶನಿವಾರ

ಹಯಾತ್ ಸಂತೆಯ ಹಳೆ ಸಾಮಾನಿನ ಸಾಲಿನಿಂದ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ಹೊತ್ತು ತಂದಿದ್ದಾಳೆ. ಎರಡು ಜಾಯ್‌ಸ್ಟಿಕ್, ಅದರಲ್ಲೊಂದರ ಗುಂಡಿ ಅಂಟಿಕೊಂಡಿದೆ. ಒಂದೇ ಡಿಸ್ಕ್. ಬೇಟೆಯ ಆಟ.

“ಈ ಮನೆಗೆ ತರೋಕೆ ಬೇರೆ ಆಟ ಸಿಗಲಿಲ್ವಾ ನಿಂಗೆ?” ಎಂದೆ.

“ಫುಟ್‌ಬಾಲ್ ಇತ್ತು. ಬಾಬಾ ಯಾವತ್ತಾದ್ರೂ ಫುಟ್‌ಬಾಲ್ ನೋಡಿದ್ದು ಕಂಡಿದೀಯಾ? ಬೆರಳು ಆಡಿಸ್ಬೇಕು ಅಂದಿದಾರೆ ಆಸ್ಪತ್ರೆಯೋರು. ಹಿಟ್ಟು ನಾದು ಅಂದ್ರೆ ನಾದಲ್ಲ. ರಬ್ಬರ್ ಚೆಂಡು ಕೊಟ್ರೆ ಬೆಕ್ಕಿಗೆ ಎಸೆದ. ಇನ್ನೇನು ಕೊಡ್ಲಿ, ನಿನ್ನ ಕರಪತ್ರ ಕೊಡ್ಲಾ ಹರಿಯೋಕೆ?”

ಅಕ್ಕ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮಮ್ಮ, ಉಮ್ಮಿ, ತೀರಿಕೊಂಡ ಮೇಲೆ ಮನೆಯೂ ಅವಳದೇ, ಕೊನೆಯ ಮಾತೂ ಅವಳದೇ.  ಮೂರು ವಾರಗಳಿಂದ ಯಾರಿಗೂ ಉತ್ತರ ಕೊಡಬೇಕು ಅನ್ನಿಸುವುದಿಲ್ಲ.

ವರದಿಯಂತೆ ಬರೆದಿಡುತ್ತೇನೆ. ಡಿಸೆಂಬರ್ 14, ಭಾನುವಾರ, ನಮ್ಮ ಊರಿನ ಮೇಲಿರುವ ಕ್ರುಮೀರಿಯಾ ಬೆಟ್ಟಗಳ ಬಿರಡೆ ಮರಗಳ ಕಾಡು. ಹೊರದೇಶದ ಅತಿಥಿಗಳು ಬಂದೂಕು ಹಿಡಿದು ಸಾಲಾಗಿ ನಿಲ್ಲುತ್ತಾರೆ. ನಮ್ಮ ಊರಿನವರು ಎದುರಿನಿಂದ ಕೂಗುತ್ತಾ, ಡಬ್ಬ ಬಡಿಯುತ್ತಾ, ಪೊದೆಗಳನ್ನು ಸೋವಿ ಹಂದಿಗಳನ್ನು ಅವರತ್ತ ಅಟ್ಟುತ್ತಾರೆ. ಸೋವಿನ ಸಾಲಿಗೆ ಹದಿನಾಲ್ಕು ಜನ ಬೇಕು. ಅಂದು ಇದ್ದವರು ಐವರು. ಉಳಿದ ಒಂಬತ್ತು ಮಂದಿ ಸೋವಿಗೆ ಹೋಗಬೇಡಿ ಎಂದು ನಾನು ಬರೆದು ಹಂಚಿದ ಕರಪತ್ರ ಓದಿ ಮನೆಯಲ್ಲೇ ಉಳಿದಿದ್ದರು. ನಮ್ಮಪ್ಪ, ಬಾಬಾ, ಉಳಿಯಲಿಲ್ಲ. ಮಾತು ಕೊಟ್ಟಿದ್ದೇನೆ ಎಂದು ಹೋದ. ಸಾಲಿನ ಅಂಚಿನಲ್ಲಿ ಒಬ್ಬನೇ ಇದ್ದ. ಇಟಲಿಯ ಅತಿಥಿಯೊಬ್ಬ ಹಂದಿಯೆಂದು ತಿಳಿದು ಹೊಡೆದ. ಬಲ ಭುಜ.

ನನಗೆ ಏನೂ ಅನ್ನಿಸುತ್ತಿಲ್ಲ. ಅದನ್ನೂ ಬರೆದಿಡುತ್ತೇನೆ.

ಜನವರಿ 5, ಸೋಮವಾರ

ತನಿಖಾ ನ್ಯಾಯಾಧೀಶರಿಂದ ಕಾಗದ ಬಂದಿದೆ. 22ರಂದು ಬಾಬಾ ಹೇಳಿಕೆ ಕೊಡಬೇಕು.

ನಮ್ಮ ವಕೀಲೆ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ಗುಂಡು ತಗಲಿದಾಗ, ದೂರಕ್ಕೆ ಕಾಣಲೆಂದು ಸೋವಿನವರು ತೊಡುವ ಕಿತ್ತಳೆ ಜಾಕೆಟ್ ಬಾಬಾನ ಮೈಮೇಲಿರಲಿಲ್ಲ, ನೆಲದ ಮೇಲಿತ್ತು. ಜಾಕೆಟ್ ಕಳಚಿದರೆ ಆಗುವುದಕ್ಕೆಲ್ಲ ಕಳಚಿದವನೇ ಹೊಣೆ ಎಂದು ಎಲ್ಲರೂ ಗೌರವಕ್ಕೆ ‘ಸಿ’ ಸೇರಿಸಿ ಕರೆಯುವ ಬೇಟೆ ಗುತ್ತಿಗೆದಾರ ಸಿ ಶೆದ್ಲಿಯ ಕರಾರಿನಲ್ಲಿದೆ. ಬಾಬಾ ಅದಕ್ಕೆ ಸಹಿ ಹಾಕಿದ್ದಾನೆ. ಯಾಕೆ ಕಳಚಿದ ಎಂಬುದನ್ನು ಅವನೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ತಪ್ಪೆಲ್ಲ ಅವನದೆಂದು ದಾಖಲಾಗಿ ಕಡತ ಮುಚ್ಚುತ್ತದೆ. ಕೈಗೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಿದೆ, ಪರಿಹಾರದ ಹಣ ಸಿಗದೆ ಅದೂ ಇಲ್ಲ. ಕಾಡಿನಲ್ಲಿ ಎಲ್ಲ ಮೊದಲಿನಂತೆಯೇ ನಡೆಯುತ್ತದೆ. ಆಸ್ಪತ್ರೆಯ ಕಾಗದದಲ್ಲಿ ಗುಂಡು ಭುಜದಲ್ಲಿ ಹೊಕ್ಕು ಸೊಂಟದ ಕಡೆಗೆ ಸಾಗಿದೆ ಎಂದಿದೆಯಂತೆ. ನಿಂತಿದ್ದ ಮನುಷ್ಯನಿಗೆ ಹೀಗೆ ಹೇಗೆ ತಗಲುತ್ತದೆ ಎಂದು ವಕೀಲೆ ಕೇಳಿದರು. ನನಗೆ ಗೊತ್ತಿಲ್ಲ.

“ಜಾಕೆಟ್ ಯಾಕೆ ತೆಗೆದೆ ಬಾಬಾ?”

“ತೆಗೆದಿದ್ದೆ.”

“ಅದೇ, ಯಾಕೆ?”

“ತೆಗೆದಿದ್ದೆ ಅಂದ್ನಲ್ಲ. ಮುಗೀತು.”

ಬಂಡವಾಳದ ಎದುರು ದುಡಿಯುವವನ ಮೌನವೆಂದರೆ ಶರಣಾಗತಿ ಎಂದು ಹೇಳಿದೆ. ಬಾಬಾ ಗೋಡೆಯ ಕಡೆ ಹೊರಳಿದ.

ಸಂಜೆ ಹಯಾತ್ ಆಟವನ್ನು ಟೀವಿಗೆ ಸಿಕ್ಕಿಸಿದಳು. ಬಾಬಾ ಮುಟ್ಟಲಿಲ್ಲ, ಹಾಗಾಗಿ ಜಾಯ್‌ಸ್ಟಿಕ್ ನನ್ನ ಕೈಗೆ ಬಂತು. ಒಂದು ಹಳೆಯ ಬಂದೂಕನ್ನೂ ಕೊಂಚ ನಾಣ್ಯಗಳನ್ನೂ ಅವರೇ ಕೊಡುತ್ತಾರೆ, ಆಮೇಲೆ ನೇರ ಅಂಗಡಿ. ಒಂದು ಮೊಲವನ್ನೂ ಕಾಣುವ ಮೊದಲೇ ಅಂಗಡಿ. ದೊಡ್ಡ ಬಂದೂಕು, ದುರ್ಬೀನು, ಜಿಂಕೆಯ ಕೂಗು ಕೂಗುವ ಪೀಪಿ, ಮೈವಾಸನೆ ಮುಚ್ಚುವ ಸ್ಪ್ರೇ, ಬೂಟು, ಡೇರೆ, ನಾಯಿ. ಮೊದಲು ಗಿರಾಕಿಯಾಗು, ಆಮೇಲೆ ಬೇಟೆಗಾರನಾಗು. ಈ ವ್ಯವಸ್ಥೆ ಮಕ್ಕಳ ಆಟಿಕೆಯೊಳಗೂ ತನ್ನ ಅಂಗಡಿ ಇಟ್ಟುಕೊಂಡಿದೆ.

ಬೂಟುಗಳ ಪುಟದಲ್ಲಿದ್ದಾಗ ಹಾಸಿಗೆಯಿಂದ ದನಿ ಬಂತು.

“ಹಾಕಿರೋ ಬೂಟಿಗೆ ಏನಾಗಿದೆ?”

ಬಾಬಾ ಇಂದು ತಾನಾಗಿ ಆಡಿದ ಮಾತು ಇದೊಂದೇ.

ಜನವರಿ 8, ಗುರುವಾರ

ದೊಡ್ಡ ಬಂದೂಕು ಕೊಂಡೆ. ಸಾಧನ ಯಾರ ಕೈಯಲ್ಲಿದೆಯೋ ಅಧಿಕಾರ ಅವರದು. ಇದನ್ನು ನಾನು ಹದಿನೇಳನೇ ವಯಸ್ಸಿನಲ್ಲೇ ಓದಿ ತಿಳಿದಿದ್ದೇನೆ. ಇದ್ದ ನಾಣ್ಯಗಳೆಲ್ಲ ಅದಕ್ಕೇ ಹೋದವು.

ಮಂಜಿನಲ್ಲಿ ಏನೋ ಅಲುಗಿತು. ಹೊಡೆದೆ. ಹೊಡೆಯಲು ಅಪ್ಪಣೆಯಿಲ್ಲದ ಹೆಣ್ಣು ಜಿಂಕೆ. ದಂಡ ಬಿತ್ತು. ಇನ್ನೊಂದು ಅಲುಗಿತು, ಅದನ್ನೂ ಹೊಡೆದೆ. ಅದರ ಮರಿ. ಮತ್ತೆ ದಂಡ. ಕಟ್ಟಲು ನಾಣ್ಯವಿಲ್ಲದೆ ಪರವಾನಗಿ ರದ್ದಾಯಿತು.

“ಕ್ರಾಂತಿ ಆಯ್ತಾ?” ಎಂದಳು ಹಯಾತ್, ತಟ್ಟೆಗೆ ರೊಟ್ಟಿ ಮುರಿಯುತ್ತಾ.

ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮಾಡಲಿಲ್ಲ. ಟೀವಿಯನ್ನು ಹಾಗೇ ಬಿಟ್ಟು ಅದರ ಕಾಡನ್ನು ನೋಡುತ್ತಾ ಕುಳಿತಿದ್ದೆ. ನಿಜವಾದ ಕಾಡು ಕಿಟಕಿಯಾಚೆಯೇ ಇದೆ. ಆ ಕಡೆ ನೋಡಲಿಲ್ಲ.

ಜನವರಿ 11, ಭಾನುವಾರ

ಬಾಬಾ ದಿಂಬಿಗೆ ಒರಗಿ ಕುಳಿತ. ಮೊದಲಿನಿಂದ ಶುರು ಮಾಡು ಎಂದ. ನಾಣ್ಯಕ್ಕೆ ಕೈ ಹಚ್ಚಬೇಡ, ಕೊಟ್ಟಿರುವ ಹಳೇ ಬಂದೂಕಿನಲ್ಲೇ ಕೆಲವು ದಿನ ತಿರುಗಾಡು ಎಂದ.

ಮೂರು ಗಂಟೆ ತಿರುಗಾಡಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಗಂಡು ಜಿಂಕೆ ಸಿಕ್ಕಿತು, ಅಪ್ಪಣೆ ಇರುವಂಥದ್ದೇ.

“ಹೆಸರು ಹೇಳು.”

“ಯಾರ ಹೆಸರು?”

“ಅಲ್ಲಾಹನ ಹೆಸರು ಹೇಳಿ ಹೊಡಿ.”

“ಬಾಬಾ, ಇದು ಟೀವಿ.”

“ಟೀವಿನೇ ಇರ್ಲಿ. ಜಿಂಕೆ ತಾನೇ?”

ನಾನು ಹೇಳಲಿಲ್ಲ. ಅವನೇ ಮೆಲ್ಲಗೆ ಹೇಳಿದ. ಹೊಡೆದೆ, ಅದು ಬಿತ್ತು. ಬಿದ್ದ ಕೂಡಲೇ ಬಾಬಾ ಮುಂದಕ್ಕೆ ಬಾಗಿದ.

“ಓಡು, ಓಡು. ಜೀವ ಇರುವಾಗ್ಲೇ ಕೊಯ್ಬೇಕು. ಚೂರಿ ತೆಗಿ.”

“ಚೂರಿ ಇಲ್ಲ.”

“ಕೊಂಡ್ಕೋ ಮತ್ತೆ. ನಾಣ್ಯ ಇದೆಯಲ್ಲ.”

ಅಂಗಡಿಯ ಪುಟಗಳನ್ನೆಲ್ಲ ತಿರುವಿದೆ. ಚೂರಿಯೇ ಇಲ್ಲ. ಬಾಬಾನಿಗೆ ನಂಬಿಕೆಯಾಗಲಿಲ್ಲ. ನನ್ನ ಕೈಯಿಂದ ಜಾಯ್‌ಸ್ಟಿಕ್ ಕಿತ್ತುಕೊಂಡು ಹೆಬ್ಬೆರಳಿನಿಂದ ಒಂದೊಂದೇ ಪುಟ ತಾನೇ ತಿರುಗಿಸಿದ. ಎರಡು ಸಲ ಪೂರ್ತಿ.

“ಹನ್ನೊಂದು ಥರ ಟೋಪಿ ಮಾರ್ತಾರೆ, ಒಂದು ಚೂರಿ ಇಲ್ಲ. ಇವರೇನು ಬೇಟೆಗೆ ಹೋಗ್ತಾರೋ, ಮದುವೆಗೆ ಹೋಗ್ತಾರೋ?”

ಹಯಾತ್ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಬಾಬಾನನ್ನು ತೋರಿಸಿ ನನಗೆ ಸನ್ನೆ ಮಾಡಿದಳು. ಯಾತಕ್ಕೆಂದು ತಿಳಿಯಲಿಲ್ಲ. ಆಮೇಲೆ ಹೇಳಿದಳು, ಅವನು ಪುಟ ತಿರುಗಿಸಿದ್ದು ಬಲಗೈಯಿಂದಲಂತೆ.

ಜನವರಿ 14, ಬುಧವಾರ

ಸಾಸಿ ಬಂದಿದ್ದ. ಇಪ್ಪತ್ತೆರಡು ವರ್ಷ ಸೋವಿನ ಸಾಲಿನಲ್ಲಿ ಬಾಬಾನ ಪಕ್ಕದ ಜಾಗ ಅವನದು. ಡಿಸೆಂಬರ್ 14ರಂದು ಮನೆಯಲ್ಲಿ ಉಳಿದ ಒಂಬತ್ತರಲ್ಲಿ ಅವನೂ ಒಬ್ಬ. ಟೀವಿ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ಬಾಬಾನನ್ನು ಹೆಸರು ಹಿಡಿದು ಕರೆದ.

“ಲಝರ್, ಕೊನೆಗೂ ನೀನೂ ಅತಿಥಿಗಳ ಕಡೆ ಸೇರ್ಕೊಂಡ್ಯಾ? ಬಂದೂಕು, ಬೂಟು, ಕುರ್ಚಿ. ಇನ್ನು ಕಾಫಿ ತಂದುಕೊಡೋನೊಬ್ಬ ಬಾಕಿ.”

“ನೀನಿದೀಯಲ್ಲ.”

“ಮೊದಲು ನಾಯಿ ಕೊಳ್ಳು. ನಾಯಿ ಇಲ್ದೆ ಕಾಡಿಗೆ ಹೋಗೋನು ಅರ್ಧ ಕುರುಡ.”

“ಇವನಿಗೆ ನಾಯಿ ಕೊಟ್ರೆ ನಾಯಿನೇ ಹೊಡೀತಾನೆ. ಮೊದಲು ದುರ್ಬೀನು.”

“ಅಯ್ಯೋ, ದುರ್ಬೀನಿಂದ ಏನು ಹೊಡೀತೀಯಾ? ಚಂದ್ರನ್ನ ನೋಡ್ತೀಯಾ?”

ನಾನು ಪೀಪಿಯ ಪರವಾಗಿದ್ದೆ. ಕೂಗಿ ಕರೆದರೆ ಪ್ರಾಣಿಯೇ ಹತ್ತಿರ ಬರುತ್ತದೆ, ಹುಡುಕಬೇಕಿಲ್ಲ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅರ್ಧ ಗಂಟೆ ಜಗಳವಾಡಿದರು. ಏನೂ ಕೊಳ್ಳಲಿಲ್ಲ.

ಹೊರಡುವಾಗ ಸಾಸಿ ಬಾಗಿಲಲ್ಲಿ ಹೇಳಿದ. 25ರಂದು ಈ ಬೇಟೆಗಾಲದ ಕೊನೆಯ ಸೋವು. ಸಿ ಶೆದ್ಲಿ ಎಲ್ಲರಿಗೂ ಫೋನ್ ಮಾಡಿಸುತ್ತಿದ್ದಾನೆ.

“ಹೋಗ್ತೀಯಾ?”

“ಗೊತ್ತಿಲ್ಲ. ನಿನ್ನ ಕಾಗದ ಚೆನ್ನಾಗಿತ್ತು ವಜ್ದಿ. ಓದಿ ಮನೇಲಿ ಕೂತ್ವಿ.” ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ. “ನಾನೂ ಕೂತೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದರೆ ಉತ್ತರ ಕೊಡಬಹುದಿತ್ತು.

ಜನವರಿ 15

ಮಂಜು. ಏನೂ ನಡೆಯಲಿಲ್ಲ. ವಕೀಲೆ ಎರಡು ಸಲ ಫೋನ್ ಮಾಡಿದರು.

ಜನವರಿ 18, ಭಾನುವಾರ

ನಾಣ್ಯ ಸಾಕಷ್ಟು ಕೂಡಿತ್ತು. ಮತ್ತೆ ದೊಡ್ಡ ಬಂದೂಕಿನ ಪುಟಕ್ಕೇ ಹೋದೆ. ಬೇಡ ಎಂದ ಬಾಬಾ. ಈ ಸಲ ಬಂದೂಕೇ ಎಂದೆ ನಾನು. ಅಷ್ಟರಲ್ಲಿ ಕಾಡಿನೊಳಗೆ ಸೊಪ್ಪು ಅಲುಗಿತು. ಅಂಗಡಿ ಮುಚ್ಚಿ ಹಳೇ ಬಂದೂಕನ್ನೇ ಎತ್ತಿದೆ. ಪೊದೆಯ ನಡುವೆ ಕಪ್ಪಗೆ ದುಂಡಗೆ ಬೆನ್ನು. ನೆಲಕ್ಕೆ ಹತ್ತಿರ. ಮೆಲ್ಲಗೆ ಏರಿ ಇಳಿಯುತ್ತಿತ್ತು.

“ಹಂದಿ,” ಎಂದೆ.

“ತಲೆ ಕಂಡ್ಯಾ?”

“ಬೆನ್ನು ಕಾಣ್ತಿದೆಯಲ್ಲ.”

“ತಲೆ ಕಂಡ್ಯಾ ಅಂತ ಕೇಳಿದೆ.”

“ಬಾಬಾ, ಹಂದಿ ಅಲ್ದೆ ಇನ್ನೇನು? ಅಷ್ಟು ಕೆಳಗೆ, ಅಷ್ಟು ದುಂಡಗೆ—”

“ನಾನೂ ಹಾಗೇ ಕಂಡಿರ್ಬೇಕು ಅವನಿಗೆ.”

ನಾನು ಗುಂಡಿ ಒತ್ತಲಿಲ್ಲ. ಬಾಬಾ ಟೀವಿಯನ್ನೇ ನೋಡುತ್ತಾ ಹೇಳಿದ. ಅವನು ಹೇಳಿದಂತೆಯೇ ಬರೆಯುತ್ತೇನೆ.

“ಅಸರ್ ನಮಾಜಿನ ಹೊತ್ತು ಮೀರ್ತಾ ಇತ್ತು. ಮೂರನೇ ಸೋವು ಎಳೀತಾ ಇತ್ತು, ಮುಗಿಯೋ ಹಾಗೆ ಕಾಣ್ಲಿಲ್ಲ. ನೆಲ ಎಲ್ಲ ಒದ್ದೆ, ಕೆಸರು. ಜಾಕೆಟ್ ಬಿಚ್ಚಿ ಹಾಸ್ಕೊಂಡೆ. ಎರಡನೇ ಸಲ ಹಣೆ ಊರಿದ್ದೆ. ಆಗ ಬಿತ್ತು.”

ಟೀವಿಯಲ್ಲಿ ಸೊಪ್ಪು ಇನ್ನೂ ಅಲುಗುತ್ತಿತ್ತು.

“ಯಾವಾಗ್ಲೂ ಹಾಗೇ ಮಾಡ್ತೀವಿ,” ಎಂದ. “ಒಬ್ಬ ಬಾಗಿದಾಗ ಪಕ್ಕದೋನು ಬಂದು ಬಂದೂಕಿನ ಕಡೆ ಮುಖ ಮಾಡಿ ಮುಂದೆ ನಿಲ್ತಾನೆ, ಜಾಕೆಟ್ ಹಾಕ್ಕೊಂಡು. ಅವನು ಮುಗಿಸಿದ ಮೇಲೆ ಇವನು. ನಾನು ಬಾಗಿದ್ರೆ ಸಾಸಿ ನಿಲ್ತಿದ್ದ.”

 ಅಂದು ಸಾಸಿ ಯಾಕಿರಲಿಲ್ಲ ಎಂಬುದನ್ನು ಅವನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಆಸ್ಪತ್ರೆಯ ಕಾಗದ ನೆನಪಾಯಿತು. ಭುಜದಿಂದ ಸೊಂಟದ ಕಡೆಗೆ. ನೆಲಕ್ಕೆ ಬಾಗಿದವನಿಗೆ ಎದುರಿನಿಂದ ಹೊಡೆದರೆ ಹಾಗೆಯೇ ಆಗುತ್ತದೆ.

“ಇದನ್ನ ನ್ಯಾಯಾಧೀಶರಿಗೆ ಹೇಳು ಬಾಬಾ. ಇಷ್ಟೇ ಸಾಕು.”

“ಏನಂತ ಹೇಳ್ಲಿ? ಲಝರ್ ಅಲ್ಲಾಹನ ಮುಂದೆ ಬಾಗಿದ್ದಾಗ ಹಂದಿ ಥರ ಕಂಡ ಅಂತ ಬರ್ಸ್ಲಾ? ಓದಿ ಹೇಳ್ತಾರೆ ಗಟ್ಟಿಯಾಗಿ. ನಾಳೆ ಕಾಫಿ ಅಂಗಡೀಲಿ ಹುಡುಗರು ಏನಂತ ಕರೀತಾರೆ ನನ್ನ? ಸತ್ತ ಮೇಲೂ ಅದೇ ಹೆಸರು ಉಳಿಯತ್ತೆ.”

ಧರ್ಮ, ಲಜ್ಜೆ, ಆಳುವವರ ಹುನ್ನಾರ ಇವುಗಳ ಬಗ್ಗೆ ನನ್ನಲ್ಲಿ ಒಂದು ಕಪಾಟಿನಷ್ಟು ಓದು ಇದೆ. ಜಾಯ್‌ಸ್ಟಿಕ್ ಕೆಳಗಿಟ್ಟೆ. ಟೀವಿಯ ಪೊದೆಯಿಂದ ಪ್ರಾಣಿ ಹೊರಬಂತು. ಹಂದಿಯೇ. ನಾಲ್ಕು ಮರಿಗಳು ಅದರ ಹಿಂದೆ. ರಸ್ತೆ ದಾಟಿ ಹೋದವು.

ಜನವರಿ 19

ದುರ್ಬೀನು ಕೊಂಡೆವು.

ಜನವರಿ 21, ಬುಧವಾರ

ಬಾಬಾ ನಾಳೆಯ ಬಗ್ಗೆ ಮಾತೆತ್ತುವುದಿಲ್ಲ. ನಾನೂ ಎತ್ತಲಿಲ್ಲ. ವಕೀಲೆಗೂ ಹೇಳಿಲ್ಲ. ಹೇಳುವುದು ನನ್ನ ಕೆಲಸವಲ್ಲ ಅನ್ನಿಸಿತು. ಒಂದು ತಿಂಗಳ ಹಿಂದೆ ಹೀಗೆ ಅನ್ನಿಸುತ್ತಿರಲಿಲ್ಲವೇನೋ. ಗೊತ್ತಿಲ್ಲ.

ಮಧ್ಯಾಹ್ನವೆಲ್ಲ ದುರ್ಬೀನಿನಲ್ಲಿ ನೋಡುತ್ತಾ ಕುಳಿತೆವು. ಜಾಯ್‌ಸ್ಟಿಕ್ ಬಾಬಾನ ಕೈಯಲ್ಲಿತ್ತು. ಯಾವುದು ಗಂಡು, ಯಾವುದು ಬಸುರಿ, ಯಾವುದಕ್ಕೆ ಕಾಲು ನೋವಿದೆ, ಎಲ್ಲವನ್ನೂ ಹೇಳಿದ. ಏನನ್ನೂ ಹೊಡೆಯಲಿಲ್ಲ.

“ಹೀಗೆ ಆಡಿದ್ರೆ ನಾಣ್ಯ ಬರಲ್ಲ ಬಾಬಾ,” ಎಂದಳು ಹಯಾತ್.

“ಬೇಡ ಬಿಡು. ನಿನ್ನ ತಮ್ಮ ಎಲ್ಲರಿಗೂ ಸಮನಾಗಿ ಹಂಚ್ತಾನೆ.”

ಹಯಾತ್ ನಕ್ಕಳು. ನಾನೂ ನಕ್ಕೆನಂತೆ, ಅವಳು ಹೇಳಿದಳು.

ಜನವರಿ 22, ಗುರುವಾರ

ಬಾಡಿಗೆ ವ್ಯಾನಿನಲ್ಲಿ ಒಂದೂವರೆ ಗಂಟೆಯ ದಾರಿ. ಬಾಬಾ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬಲತೋಳು ಒಳಗೆ ಪಟ್ಟಿಯಲ್ಲಿತ್ತು.

ನ್ಯಾಯಾಧೀಶೆ ಹಯಾತಳಿಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ಶೀತವಾಗಿತ್ತು, ನಡುನಡುವೆ ಮೂಗು ಒರೆಸಿಕೊಳ್ಳುತ್ತಿದ್ದರು. ಗುಮಾಸ್ತ ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದ. ಸಿ ಶೆದ್ಲಿ ಮತ್ತು ಅವನ ವಕೀಲ ಒಂದು ಕಡೆ. ನಾವು ಒಂದು ಕಡೆ.

“ಜಾಕೆಟ್ ಯಾಕೆ ಕಳಚಿದಿರಿ ಸಿ ಲಝರ್?”

“ಕಳಚಿದ್ದೆ.”

“ಕಾರಣ?”

 ಗೋಡೆ ಗಡಿಯಾರದ ಮುಳ್ಳು ಒಂದು ನಿಮಿಷ ಸರಿದದ್ದನ್ನು ನಾನು ನೋಡಿದೆ. ಆ ಕಡೆಯ ವಕೀಲ ಗಂಟಲು ಸರಿಮಾಡಿಕೊಂಡು, ಬೆವರಿಗೆ ತೆಗೆದಿರಬಹುದು, ಇವರು ಎಷ್ಟು ಹೇಳಿದರೂ ಕೇಳುವುದಿಲ್ಲ, ಅಲ್ಲಿ ಇಲ್ಲಿ ಮಲಗುತ್ತಾರೆ ಎಂದ.

“ಮಲಗಿರ್ಲಿಲ್ಲ,” ಎಂದ ಬಾಬಾ.

“ಮತ್ತೆ?”

“ನೆಲ ಒದ್ದೆ ಇತ್ತು ತಾಯಿ. ನಮಾಜಿಗೆ ಹಾಸ್ಕೊಂಡಿದ್ದೆ. ಹಣೆ ನೆಲದ ಮೇಲಿತ್ತು.”

ಗುಮಾಸ್ತನ ಬೆರಳು ನಿಂತಿತು. ಸಿ ಶೆದ್ಲಿ ತನ್ನ ಬೂಟಿನ ತುದಿ ನೋಡತೊಡಗಿದ. ನ್ಯಾಯಾಧೀಶೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ಹಾಕಿಕೊಂಡರು.

“ಬರ್ಕೊಳ್ಳಿ,” ಎಂದರು ಗುಮಾಸ್ತನಿಗೆ. “ಅವರು ಹೇಳಿದ ಹಾಗೇ.”

ಆಮೇಲೆ ಇನ್ನೊಂದು ಪ್ರಶ್ನೆ. ಅಷ್ಟು ಉದ್ದದ ಅಂಚಿನಲ್ಲಿ ನೀವೊಬ್ಬರೇ ಯಾಕಿದ್ದಿರಿ? ಪಕ್ಕದಲ್ಲಿ ಜನ ಇರಲಿಲ್ಲವೇ?

“ನನ್ನ ಜಾಗ ಅದೇ. ಯಾವಾಗ್ಲೂ ಅಂಚಿಗೇ ಹೋಗ್ತೀನಿ.” ಬಾಬಾ ಬೇಗ ಹೇಳಿದ. ಬೇರೆ ಪ್ರಶ್ನೆಗಳಿಗೆಲ್ಲ ಅಷ್ಟು ಹೊತ್ತು ತೆಗೆದುಕೊಂಡವನು ಇದಕ್ಕೆ ಕಾಯಲೇ ಇಲ್ಲ.

ನಾನು ಎದ್ದು ನಿಂತಿದ್ದೆ. ಕೂತ್ಕೊಳ್ಳಿ ಎಂದರು ನ್ಯಾಯಾಧೀಶೆ. ಒಂಬತ್ತು ಜನರನ್ನು ಮನೆಯಲ್ಲಿ ಉಳಿಸಿದ್ದು ನಾನು ಎಂದೆ. ಸೋವಿನವರು ನಮಾಜಿಗೆ ಸರದಿಯಲ್ಲಿ ಒಬ್ಬರ ಮುಂದೊಬ್ಬರು ನಿಲ್ಲುತ್ತಾರೆಂದು ನನಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ, ಕೇಳದೆಯೇ ಬರೆದೆ ಎಂದೆ. ಐದೇ ಜನ ಬಂದಿದ್ದಾರೆಂದು ಗೊತ್ತಿದ್ದೂ ಸಿ ಶೆದ್ಲಿ ಸೋವು ನಿಲ್ಲಿಸಲಿಲ್ಲ ಎಂದೂ ಹೇಳಿದೆ. ಎರಡನ್ನೂ ಬರೆದುಕೊಳ್ಳಿ ಎಂದೆ. ದನಿ ಏರಲಿಲ್ಲ. ಯಾರದೋ ಹೇಳಿಕೆಯನ್ನು ಓದುತ್ತಿರುವಂತಿತ್ತು.

ಕಡತ ಮುಚ್ಚಲಿಲ್ಲ. ವಿಚಾರಣೆ ಮುಂದುವರಿಯುತ್ತದೆ.

ವ್ಯಾನಿನಲ್ಲಿ ಬಾಬಾ ಕೇಳಿದ.

“ನಿನ್ನ ಯಾರು ಕೇಳಿದ್ರು?”

“ಯಾರೂ ಕೇಳ್ಲಿಲ್ಲ.”

“ಹ್ಞೂಂ.”

ಆಮೇಲೆ ನಿದ್ದೆ ಹೋದ. ಅವನ ತಲೆ ನನ್ನ ಭುಜದ ಮೇಲಿತ್ತು. ಭಾರವಾಗಿತ್ತು.

ಜನವರಿ 24, ಶನಿವಾರ

ಸಾಸಿಯೂ ಇನ್ನು ಎಂಟು ಮಂದಿಯೂ ನಮ್ಮ ಮನೆಗೆ ಬಂದರು. ಬಾಬಾ ಹೇಳಿದ್ದು ಊರಿಗೆಲ್ಲ ಗೊತ್ತಾಗಿದೆ. ಅವನು ಹೆದರಿದ ಹೆಸರನ್ನು ಯಾರೂ ಕರೆಯಲಿಲ್ಲ. ಸಾಸಿ ಅವನ ಎದುರು ಕುಳಿತು ಅವನ ಹಣೆಗೆ ಮುತ್ತಿಟ್ಟ. “ನಾಯಿ ಮೊದಲು ಕೊಂಡಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ,” ಎಂದ.

“ಹೋಗು, ಹೋಗು,” ಎಂದ ಬಾಬಾ.

ನಾಳೆ ಹೋಗುವುದೋ ಬೇಡವೋ ಎಂದು ನನ್ನನ್ನು ಕೇಳಿದರು. ಎಷ್ಟು ಜನ ಹೋಗಬೇಕೆಂದಿದ್ದೀರಿ ಎಂದು ನಾನು ಕೇಳಿದೆ. ದುಡಿಮೆ ಬಿಡಲಾಗದವರು ಯಾರು, ಏನಿದ್ದರೆ ಹೋಗುತ್ತೀರಿ ಎಂದೂ ಕೇಳಿದೆ. ಅವರು ಮಾತಾಡಿದರು. ಹಯಾತ್ ಮೂರು ಸಲ ಚಹಾ ಕೊಟ್ಟಳು. ಕೊನೆಗೆ ಎರಡು ಸಾಲು ಬರೆದೆ. ಸಾಲಿನಲ್ಲಿ ಹದಿನಾಲ್ಕಕ್ಕಿಂತ ಕಡಿಮೆಯಾದರೆ ಸೋವು ಇಲ್ಲ. ಅಸರ್ ಹೊತ್ತಿಗೆ ಕಹಳೆ ಊದಬೇಕು, ಬಂದೂಕಿನಿಂದ ಗುಂಡು ತೆಗೆಯಬೇಕು. ಅಷ್ಟೇ. ಸಾಸಿ ಓದಿ, “ಇದರಲ್ಲಿ ಒಂದು ದೊಡ್ಡ ಮಾತೂ ಇಲ್ವಲ್ಲ,” ಎಂದ. ಬೇಕಿದ್ದರೆ ಸೇರಿಸಲೇ ಎಂದೆ. ಬೇಡ ಎಂದ.

ಸಿ ಶೆದ್ಲಿ ಫೋನಿನಲ್ಲಿ ಹತ್ತು ನಿಮಿಷ ಕೂಗಾಡಿದ. ಅವನ ಅತಿಥಿಗಳು ಆಗಲೇ ಹೋಟೆಲಿನಲ್ಲಿದ್ದಾರೆ. ಒಪ್ಪಿದ.

ಅಂದು ಬಾಬಾನ ಜೊತೆ ಸೋವಿಗೆ ಹೋಗಿದ್ದ ನಾಲ್ವರೂ ಸೇರಿ ಹದಿಮೂರು ಜನ ಇದ್ದರು. ಇನ್ನೊಬ್ಬ ಬೇಕಿತ್ತು.

ಜನವರಿ 25, ಭಾನುವಾರ

ಅಂಚಿನ ಜಾಗ ನನ್ನದು. ಡಬ್ಬ ಬಡಿಯುವುದು ನಾನಂದುಕೊಂಡಷ್ಟು ಸುಲಭವಲ್ಲ. ಮುಳ್ಳು ಕೈಯೆಲ್ಲ ಗೀರಿತು. ಎರಡು ಸಲ ಜಾರಿ ಬಿದ್ದೆ. ಎರಡು ಸಲವೂ ಸಾಸಿ ಆ ಕಡೆಯಿಂದ, “ಪುಸ್ತಕ ಬಿತ್ತು, ಎತ್ಕೊಳ್ರೋ,” ಎಂದು ಕೂಗಿದ. ಹಂದಿಗಳು ಹೆಚ್ಚೇನೂ ಸಿಗಲಿಲ್ಲ.

ಮೂರು ಗಂಟೆಗೆ ಕಹಳೆ ಊದಿತು. ಇಳಿಜಾರಿನ ಕೆಳಗೆ ಬಂದೂಕಿನವರು ಗುಂಡು ತೆಗೆದು ನಳಿಗೆ ಬಾಗಿಸಿದ್ದು ಮರಗಳ ನಡುವೆ ಕಾಣಿಸಿತು. ನಮ್ಮವರು ಜಾಕೆಟ್ ಬಿಚ್ಚಿ ಒದ್ದೆ ಎಲೆಗಳ ಮೇಲೆ ಹಾಸಿದರು. ಸಾಸಿ ನನ್ನ ಕಡೆ ನೋಡಿದ.

ನಾನು ನಮಾಜ್ ಮಾಡುವವನಲ್ಲ. ಜಾಕೆಟ್ ಬಿಚ್ಚದೆ ಅವರ ಪಕ್ಕದಿಂದ ಹಾದು ಮುಂದೆ ಹೋಗಿ, ಬಂದೂಕುಗಳ ಕಡೆ ಮುಖ ಮಾಡಿ ನಿಂತೆ. ಹಿಂದೆ ಹದಿಮೂರು ಜನ ಬಾಗುವ, ಏಳುವ ಬಟ್ಟೆಯ ಸದ್ದು. ಅವರು ಮುಗಿಸುವವರೆಗೂ ಕದಲಲಿಲ್ಲ. ಬೂಟಿನೊಳಗೆ ನೀರು ಇಳಿದಿತ್ತು. ಕಾಲು ಚಳಿಗೆ ಬಹಳ ನೋಯುತ್ತಿತ್ತು.